ಚೆಂಡಿಗಿಲ್ಲದ ಮೈಲಿಗೆ

ಹಿರೇಗುಂಟನೂರಿನ ಕಡೆಯ ಒಂದು ಶಾಲೆಯ ಬಯಲಿನಲ್ಲಿ, ಸಂಜೆಯ ಆಟ ಮುಗಿದ ಮೇಲೆ, ಹುಡುಗರನ್ನು ಸುತ್ತ ಕುಳ್ಳಿರಿಸಿಕೊಂಡು ನಾನೊಮ್ಮೆ ಜೆಸ್ಸಿ ಓವೆನ್ಸನ ಕಥೆ ಹೇಳುತ್ತಿದ್ದೆ. ಅಮೆರಿಕದ ಅಲಬಾಮ ಪ್ರಾಂತದಲ್ಲಿ, ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡ ಒಕ್ಕಲಿನ ಮನೆಯಲ್ಲಿ ೧೯೧೩ರಲ್ಲಿ ಹುಟ್ಟಿದವನು, ಗುಲಾಮರ ಮೊಮ್ಮಗ. ಆರ್ಯ ಜನಾಂಗವೇ ಶ್ರೇಷ್ಠವೆಂದು ಜಗತ್ತಿಗೆ ಸಾರುವ ಸಲುವಾಗಿ ಹಿಟ್ಲರನು ಸಿಂಗರಿಸಿದ್ದ ೧೯೩೬ರ ಬರ್ಲಿನ್ ಒಲಿಂಪಿಕ್ ಕೂಟದಲ್ಲಿ ನೂರು ಮೀಟರು, ಇನ್ನೂರು ಮೀಟರು, ಉದ್ದ ಜಿಗಿತ, ತಂಡದ ಓಟ, ಹೀಗೆ ನಾಲ್ಕು ಚಿನ್ನದ ಪದಕಗಳನ್ನು ಗೆದ್ದ ಕಪ್ಪು ತರುಣ. ಹುಡುಗರು ಕಣ್ಣರಳಿಸಿ ಕೇಳಿದರು. ಕಥೆ ಮುಗಿದಾಗ, ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ, "ಅಂಥವರು ನಮ್ಮ ಕಡೆ ಯಾರೂ ಇರಲಿಲ್ಲವೆ, ಸಾರ್?" ಎಂದು ಕೇಳಿದ.

"ನಮ್ಮಲ್ಲಿ ಆ ಬಗೆಯ ಬಣ್ಣದ ಭೇದ ಇರಲಿಲ್ಲವಲ್ಲ" ಎಂದು ಹೇಳಿ ನಾನು ಎದ್ದುಬಿಟ್ಟೆ. ಆ ಹುಡುಗ ಮತ್ತೇನೂ ಕೇಳಲಿಲ್ಲ. ಅವನು ಊರಿನ ಯಾವ ಕೇರಿಯಿಂದ ಬರುತ್ತಾನೆಂಬುದು ನನಗೆ ನೆನಪಾದದ್ದು ಮನೆಯ ದಾರಿ ಅರ್ಧ ಸವೆದ ಮೇಲೆ. ನಾನು ಹೇಳಿದ್ದು ಸುಳ್ಳಲ್ಲದಿರಬಹುದು. ಆದರೆ ನಿಜವಂತೂ ಅಲ್ಲ. ಓವೆನ್ಸನು ಹುಟ್ಟುವುದಕ್ಕೆ ಮೂವತ್ತೇಳು ವರ್ಷ ಮೊದಲೇ, ನಮ್ಮ ಧಾರವಾಡದಲ್ಲಿಯೇ ಅಂಥವರೊಬ್ಬರು ಹುಟ್ಟಿದ್ದರು. ಆ ಸಂಜೆ ಹೇಳದೆ ಉಳಿದ ಉತ್ತರವೇ ಈ ಲೇಖನ.

ಧಾರವಾಡದಿಂದ ಪುಣೆಗೆ

ಪಾಲವಣಕರ ಬಾಳೂ ಅವರು ಜನಿಸಿದ್ದು ೧೮೭೬ರ ಮಾರ್ಚ್ ೧೯ರಂದು. ಅವರ ಮನೆತನದ ಮೂಲ ಕೊಂಕಣದ ಪಾಲವಣಿ ಗ್ರಾಮ. ಕುಲ, ಚರ್ಮದ ಕೆಲಸವನ್ನು ಬದುಕಾಗಿಸಿಕೊಂಡಿದ್ದ, ಅಂದಿನ ಸಮಾಜ ಅಸ್ಪೃಶ್ಯವೆಂದು ಹೊರಗಿಟ್ಟಿದ್ದ ಕುಲ. ತಂದೆಗೆ ಸೈನ್ಯದ ಆಶ್ರಯದಲ್ಲಿ ಕೆಲಸ ದೊರೆತಿದ್ದುದರಿಂದ ಸಂಸಾರ ಪುಣೆಯಲ್ಲಿ ನೆಲೆಸಿತು. ದಂಡಿನ ಅಧಿಕಾರಿಗಳು ಆಡಿ ಬಿಟ್ಟ ಹಳೆಯ ಬ್ಯಾಟು, ಸವೆದ ಚೆಂಡುಗಳೇ ಬಾಳೂ ಮತ್ತು ಅವರ ತಮ್ಮ ಶಿವರಾಮನ ಪಾಲಿಗೆ ಮೊದಲ ಗುರುಗಳು.

ಓದು ಬೇಗನೆ ನಿಂತಿತು. ಪುಣೆಯ ಪಾರಸಿಯರ ಕ್ರಿಕೆಟ್ ಸಂಘವೊಂದರಲ್ಲಿ ಬಾಲಕ ಬಾಳೂ ಕೆಲಸಕ್ಕೆ ಸೇರಿದರು. ಅಂಕಣವನ್ನು ಗುಡಿಸುವುದು, ಉರುಳೆ ಎಳೆಯುವುದು, ಸದಸ್ಯರಿಗೆ ಬೇಕೆನಿಸಿದಾಗ ನಾಲ್ಕು ಚೆಂಡು ಎಸೆಯುವುದು. ತಿಂಗಳಿಗೆ ಮೂರು ರೂಪಾಯಿ ಸಂಬಳ. ಅಲ್ಲಿಂದ ಐರೋಪ್ಯರ ಸಂಘಕ್ಕೆ ಹೋದಾಗ ಸಂಬಳ ನಾಲ್ಕು ರೂಪಾಯಿಯಾಯಿತು. ಬಲೆಯೊಳಗಿನ ಅಭ್ಯಾಸದಲ್ಲಿ ಎಸೆಯುವ ಅವಕಾಶ ದೊರೆತದ್ದು ಅಲ್ಲಿ. ಎಡಗೈಯ ನಿಧಾನ ಎಸೆತ, ಎರಡೂ ಕಡೆಗೆ ತಿರುವು, ಒಂದರಂತೆ ಇನ್ನೊಂದು ಇಲ್ಲದ ವೇಗ ಮತ್ತು ಎತ್ತರ. ಇವು ಪುಸ್ತಕದಿಂದ ಬಂದ ವಿದ್ಯೆಯಲ್ಲ, ಸಾವಿರಾರು ಎಸೆತಗಳಿಂದ ಬೆರಳುಗಳಿಗೆ ಬಂದ ವಿದ್ಯೆ.

ಅಂದಿನ ಭಾರತದಲ್ಲಿದ್ದ ಬಿಳಿಯ ದಾಂಡಿಗರಲ್ಲಿ ಅತ್ಯಂತ ಸಮರ್ಥನೆನಿಸಿದ್ದ ಕ್ಯಾಪ್ಟನ್ ಗ್ರೇಗ್ ಈ ಹುಡುಗನ ಎಸೆತವನ್ನು ಎದುರಿಸುವುದಕ್ಕೆಂದೇ ಇತರರಿಗಿಂತ ಒಂದು ಗಂಟೆ ಮೊದಲು ಬಯಲಿಗೆ ಬರುತ್ತಿದ್ದನಂತೆ. ತನ್ನನ್ನು ಔಟ್ ಮಾಡಿದ ಪ್ರತಿ ಬಾರಿಗೂ ಎಂಟಾಣೆ ಕೊಡುತ್ತಿದ್ದನೆಂದೂ ಪ್ರತೀತಿ. ಗ್ರೇಗನ ಆಟ ಬಾಳೂವಿನಿಂದ ತಿದ್ದಿತು. ಬಾಳೂವಿನ ಎಸೆತ ಗ್ರೇಗನಿಂದ ಹದಗೊಂಡಿತು. ಆದರೆ ಆ ಸಂಘದಲ್ಲಿ ದುಡಿದಷ್ಟು ವರ್ಷವೂ ಬಾಳೂ ಅವರ ಕೈಗೆ ಬ್ಯಾಟು ಕೊಡುವ ಔದಾರ್ಯ ಯಾರಿಗೂ ಬರಲಿಲ್ಲ. ಎಸೆಯುವುದು ಆಳಿನ ಕೆಲಸ, ಬಾರಿಸುವುದು ಅರಸನ ಕೆಲಸ ಎಂಬ ಭಾವನೆ ಅಂದಿನ ಆಂಗ್ಲ ಕ್ರೀಡೆಯಲ್ಲಿಯೂ ಇದ್ದಿತು. ನಮ್ಮ ವರ್ಣಾಶ್ರಮಕ್ಕೆ ಅದು ಅಷ್ಟೇನೂ ದೂರದ ನೆಂಟನಲ್ಲ.

ಒಂದೇ ಚೆಂಡು, ಬೇರೆ ಕುಡಿಕೆ

ಪುಣೆಯ ಹಿಂದೂಗಳು ಐರೋಪ್ಯರನ್ನು ಕ್ರಿಕೆಟಿನಲ್ಲಿ ಸೋಲಿಸಬೇಕೆಂದು ಹಂಬಲಿಸುತ್ತಿದ್ದ ಕಾಲ ಅದು. ಬಾಳೂವಿನಂಥ ಬೌಲರು ಊರಿನಲ್ಲಿಯೇ ಇರುವುದು ಎಲ್ಲರಿಗೂ ತಿಳಿದಿತ್ತು. ಆತನನ್ನು ತಂಡಕ್ಕೆ ಸೇರಿಸಿಕೊಳ್ಳಬಹುದೆ ಎಂಬ ಪ್ರಶ್ನೆ ಬಂದಾಗ ಸಂಘದಲ್ಲಿ ವಾದ ವಿವಾದಗಳು ನಡೆದವು. ಕೆಲವರು ಬೇಕೆಂದರು, ಕೆಲವರು ಕೂಡದೆಂದರು. ಆತನನ್ನು ಬಿಟ್ಟರೆ ಹಿಂದೂಗಳೇ ಮೂರ್ಖರಾಗುತ್ತಾರೆ ಎಂಬರ್ಥದ ಮಾತನ್ನು ಗ್ರೇಗನೇ ಬಹಿರಂಗವಾಗಿ ಆಡಿದನು. ಕಡೆಗೆ ಗೆಲುವಿನ ಆಸೆ ಮಡಿಯ ಭಯವನ್ನು ಗೆದ್ದಿತು. ಬಾಳೂ ತಂಡಕ್ಕೆ ಬಂದರು.

ಆದರೆ ಹೇಗೆ ಬಂದರು? ಬಯಲಿನ ಗೆರೆಯೊಳಗೆ ಅವರು ಮುಟ್ಟಿದ ಚೆಂಡನ್ನೇ ಬ್ರಾಹ್ಮಣ ಆಟಗಾರರೂ ಮುಟ್ಟುತ್ತಿದ್ದರು. ಚಹಾದ ವಿರಾಮವಾದೊಡನೆ ಇತರರು ಒಳಗೆ ಹೋಗಿ ಬಿಳಿಯ ಪಿಂಗಾಣಿ ಬಟ್ಟಲುಗಳಲ್ಲಿ ಚಹಾ ಕುಡಿಯುತ್ತಿದ್ದರು. ಬಾಳೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಮುಖ ತೊಳೆಯಬೇಕೆಂದರೆ ಅವರದೇ ವರ್ಗದ ಸೇವಕನೊಬ್ಬ ಕೆಟಲಿನಲ್ಲಿ ನೀರು ತಂದು ಬಯಲಿನ ಮೂಲೆಯಲ್ಲಿ ಕೈಗೆ ಹೊಯ್ಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ಇಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಕ್ರಿಕೆಟಿನ ಚೆಂಡು ಚರ್ಮದ್ದು. ಹದಮಾಡಿ, ಕೆಂಪು ಬಳಿದು, ದಾರದಿಂದ ಹೊಲಿದ ತೊಗಲು. ಯಾವ ವಸ್ತುವನ್ನು ಮುಟ್ಟಿ ಹದಮಾಡಿದ ಕಾರಣಕ್ಕೆ ಒಂದು ಜನಸಮುದಾಯವೇ ಮೈಲಿಗೆಯೆನಿಸಿತೋ, ಅದೇ ವಸ್ತುವನ್ನು ಮಡಿವಂತರ ಮಕ್ಕಳು ದಿನವಿಡೀ ಬೊಗಸೆಯಲ್ಲಿ ಹಿಡಿದು, ಹಿಡಿದೆನೆಂದು ಕುಣಿಯುತ್ತಿದ್ದರು. ಚೆಂಡಿಗಿಲ್ಲದ ಮೈಲಿಗೆ ಚೆಂಡೆಸೆದ ಕೈಗೆ ಇದ್ದಿತು. ಶಾಸ್ತ್ರ ಆಟಕ್ಕೆ ಒಂದು ಅರ್ಧದಿನದ ರಜೆ ಕೊಟ್ಟಿತ್ತು, ಅಷ್ಟೆ.

ಸಾತಾರೆಯ ಐರೋಪ್ಯರ ತಂಡವನ್ನು ಪುಣೆಯವರು ಸೋಲಿಸಿದಾಗ ಬಾಳೂ ಏಳು ವಿಕೆಟುಗಳನ್ನು ಉರುಳಿಸಿದ್ದರು. ಊರಿನಲ್ಲಿ ಮೆರವಣಿಗೆಯಾಯಿತು. ಆಗ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಸಭೆಯಲ್ಲಿ ಆತನ ಪಕ್ಷ ವಹಿಸಿ ಸರಳವಾದ ತರ್ಕವೊಂದನ್ನು ಮುಂದಿಟ್ಟರು: ಈತನೊಡನೆ ಕೂಡಿ ಆಡಬಹುದಾದರೆ, ಕೂಡಿ ಉಣ್ಣುವುದಕ್ಕೆ ಏನು ಅಡ್ಡಿ? ಈ ಪ್ರಶ್ನೆಗೆ ಪಾಂಡಿತ್ಯದಿಂದ ಉತ್ತರ ಹೇಳಬಲ್ಲವರು ಬಹಳ ಮಂದಿ ಇದ್ದರು; ಪ್ರಾಮಾಣಿಕವಾಗಿ ಹೇಳಬಲ್ಲವರು ಇರಲಿಲ್ಲ.

೧೯೦೬ರ ಫೆಬ್ರವರಿ

೧೮೯೬ರಲ್ಲಿ ಪುಣೆಗೆ ಪ್ಲೇಗು ಬಂದಿತು. ಬಾಳೂ ಮುಂಬಯಿಗೆ ಹೋದರು. ರೈಲ್ವೆಯಲ್ಲಿ ಉದ್ಯೋಗ ದೊರೆಯಿತು. ೧೮೯೪ರಲ್ಲಿ ಸ್ಥಾಪಿತವಾಗಿದ್ದ ಅಲ್ಲಿನ ಹಿಂದೂ ಜಿಮ್‌ಖಾನಾ ತಂಡದಲ್ಲಿ, ಇಲ್ಲಿಯೂ ಕೆಲವರ ವಿರೋಧದ ನಡುವೆಯೇ, ಸ್ಥಾನ ಸಿಕ್ಕಿತು. ಪುಣೆಗಿಂತ ಮುಂಬಯಿಯ ಗಾಳಿ ಸ್ವಲ್ಪ ಹಗುರ. ಕಾಲಕ್ರಮದಲ್ಲಿ ಬಾಳೂ ಮತ್ತು ಶಿವರಾಮ ಜಿಮ್‌ಖಾನಾದ ಉಪಾಹಾರಗೃಹದಲ್ಲಿ ಇತರರೊಡನೆ ಕುಳಿತು ಉಣ್ಣುವಂತಾಯಿತು. ಕುಡಿಕೆಯಿಂದ ಬಟ್ಟಲಿಗೆ ಬರಲು ಹತ್ತು ವರ್ಷ ಹಿಡಿಯಿತೆನ್ನಬಹುದು.

೧೯೦೫ರಲ್ಲಿ ವಂಗಭಂಗವಾಗಿ ಸ್ವದೇಶಿ ಚಳವಳಿಯ ಕಾವು ದೇಶವನ್ನೆಲ್ಲ ವ್ಯಾಪಿಸಿತ್ತು. ೧೯೦೬ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳಿಗೂ ಐರೋಪ್ಯರಿಗೂ ಪಂದ್ಯ ಏರ್ಪಟ್ಟಿತು. ಹಿಂದೂಗಳು ಮೊದಲ ಸರದಿಯಲ್ಲಿ ೨೪೨, ಐರೋಪ್ಯರು ೧೯೧. ಹಿಂದೂಗಳು ಎರಡನೆಯ ಸರದಿಯಲ್ಲಿ ೧೬೦. ಗೆಲ್ಲಲು ೨೧೨ ಬೇಕಾಗಿದ್ದ ಆಳುವವರ ತಂಡ ೧೦೨ಕ್ಕೆ ಉರುಳಿತು. ೧೦೯ ಓಟಗಳ ಗೆಲುವು. ಅದರಲ್ಲಿ ಬಾಳೂ ಅವರ ಪಾಲು ಎಂಟು ವಿಕೆಟು.

ಆ ಗೆಲುವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೊತ್ತು ಮೆರೆಸಿದರು. ಸ್ವದೇಶಾಭಿಮಾನಿಗಳಿಗೆ ಅದು ಪರಾಧೀನ ಜನ ಪ್ರಭುಗಳನ್ನು ಅವರ ಆಟದಲ್ಲಿಯೇ ಗೆದ್ದ ಸಂಕೇತ. ಸಮಾಜ ಸುಧಾರಕರಿಗೆ, ಕುಲ ನೋಡದೆ ಗುಣ ನೋಡಿದರೆ ಬರುವ ಫಲದ ಸಾಕ್ಷ್ಯ. ಆಂಗ್ಲರಿಗೆ, ತಮ್ಮ ಆಟ ಪ್ರಜೆಗಳನ್ನು ನಾಗರಿಕರನ್ನಾಗಿ ಮಾಡುತ್ತಿದೆಯೆಂಬ ಸಮಾಧಾನ. ಮೂವರ ಪ್ರಚಾರಕ್ಕೂ ಬಾಳೂ ಒದಗಿದರು. ಮೂವರಲ್ಲಿ ಯಾರೂ ಅವರಿಗೆ ತಂಡದ ನಾಯಕತ್ವವನ್ನು ಕೊಡಿಸಲಿಲ್ಲ.

ಅದೇ ೧೯೦೬ರ ಅಕ್ಟೋಬರಿನಲ್ಲಿ, ಅದೇ ಮುಂಬಯಿಯಲ್ಲಿ, ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ದಲಿತ ವರ್ಗಗಳ ಶಿಕ್ಷಣಕ್ಕಾಗಿ ಸೇವಾಸಂಸ್ಥೆಯನ್ನು ಸ್ಥಾಪಿಸಿದರು. ಧಾರವಾಡದಲ್ಲಿ ಹುಟ್ಟಿದವರು ಬಯಲಿನಲ್ಲಿ, ಜಮಖಂಡಿಯಲ್ಲಿ ಹುಟ್ಟಿದವರು ಪಾಠಶಾಲೆಯಲ್ಲಿ, ಒಂದೇ ಗೋಡೆಯನ್ನು ಎರಡು ಕಡೆಯಿಂದ ಅಗೆಯುತ್ತಿದ್ದರೆಂದು ಭಾವಿಸಿದರೆ ತಪ್ಪಾಗಲಾರದು.

ಸಮುದ್ರದಾಚೆ

೧೯೧೧ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರ ನಾಯಕತ್ವದಲ್ಲಿ ಪ್ರಥಮ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೊರಟಿತು. ಪಾರಸಿ, ಹಿಂದೂ, ಮುಸಲ್ಮಾನ, ಸಿಖ್ಖರೆಲ್ಲರೂ ಕೂಡಿದ್ದ ಆ ತಂಡದಲ್ಲಿ ಬೆಂಗಳೂರಿನ ಬಿ. ಜಯರಾಂ ಇದ್ದರು, ಬಾಳೂ ಮತ್ತು ಶಿವರಾಮ ಸೋದರರೂ ಇದ್ದರು. ಸಮುದ್ರ ದಾಟಿದರೆ ಜಾತಿ ಕೆಡುವುದೆಂದು ಹಲವರು ಇನ್ನೂ ನಂಬಿದ್ದ ಆ ದಿನಗಳಲ್ಲಿ, ಜಾತಿಯಿಂದ ಹೊರಗಿಟ್ಟವರಿಗೆ ಕಳೆದುಕೊಳ್ಳಲು ಏನಿತ್ತು?

ಪಟ್ಟಾಭಿಷೇಕದ ವರ್ಷ; ಮಹಾರಾಜರು ಔತಣಗಳಲ್ಲಿ ಮುಳುಗಿ ಬಯಲಿಗೆ ಬಂದದ್ದು ಅಪರೂಪ. ಆಡಿದ ೨೩ ಪಂದ್ಯಗಳಲ್ಲಿ ತಂಡ ಗೆದ್ದದ್ದು ಆರು, ಸೋತದ್ದು ಹದಿನೈದು. ಆ ಸೋಲಿನ ಬೇಸಗೆಯಲ್ಲಿ ಎದ್ದು ಕಂಡ ಹೆಸರು ಒಂದೇ. ನೋಯುತ್ತಿದ್ದ ತೋಳಿನಿಂದಲೇ ಬಾಳೂ ೧೧೪ ವಿಕೆಟುಗಳನ್ನು ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಿರುದ್ಧ ಒಂದೇ ಸರದಿಯಲ್ಲಿ ಎಂಟು. ಲೆಸ್ಟರ್‌ಷೈರನ್ನು ಸೋಲಿಸಿದ ಪಂದ್ಯದಲ್ಲಿ ಹನ್ನೊಂದು. ಆಗ ಅವರ ವಯಸ್ಸು ಮೂವತ್ತೈದು. ಬೌಲರನ ಬಾಳಿನಲ್ಲಿ ಅದು ಮಧ್ಯಾಹ್ನ ಕಳೆದ ಹೊತ್ತು.

ಹಿಂದಿರುಗಿದಾಗ ಮುಂಬಯಿಯ ದಲಿತ ವರ್ಗದವರು ಸನ್ಮಾನ ಸಭೆ ಏರ್ಪಡಿಸಿದರು. ಅಲ್ಲಿ ಮಾನಪತ್ರವನ್ನು ಅರ್ಪಿಸಿದವರು ಭೀಮರಾವ್ ಅಂಬೇಡಕರ್ ಎಂಬ ಇಪ್ಪತ್ತು ವರ್ಷದ ಕಾಲೇಜು ವಿದ್ಯಾರ್ಥಿಯೆಂದು ಚರಿತ್ರಕಾರರು ಹೇಳುತ್ತಾರೆ. ಆ ತರುಣನಿಗೆ ಬಾಳೂ ಅವರು ಆದರ್ಶ ಪುರುಷ. ಈ ದೃಶ್ಯವನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಗಡಿಯಾರ ಮತ್ತು ಸಮಿತಿ

ಓವೆನ್ಸನಿಗೂ ಬಾಳೂ ಅವರಿಗೂ ಒಂದು ಅಂತರವಿದೆ. ಓಟಗಾರನನ್ನು ಅಳೆಯುವುದು ಗಡಿಯಾರ. ನೂರು ಮೀಟರನ್ನು ೧೦.೩ ಸೆಕೆಂಡುಗಳಲ್ಲಿ ಓಡಿದರೆ, ಗಡಿಯಾರದ ಒಡೆಯ ಎಂಥ ದ್ವೇಷಿಯಾದರೂ ೧೦.೩ ಎಂದೇ ಬರೆಯಬೇಕು. ತಂಡದ ಆಟದಲ್ಲಿ ಹಾಗಲ್ಲ. ಬಿದ್ದ ವಿಕೆಟನ್ನು ಲೆಕ್ಕಿಗ ಎಣಿಸಲೇಬೇಕು, ನಿಜ. ಆದರೆ ತಂಡವನ್ನು ನಡೆಸುವವರಾರು ಎಂಬುದನ್ನು ಆರಿಸುವುದು ಸಮಿತಿ. ಗಡಿಯಾರಕ್ಕೆ ಕುಲ ಕಾಣದು; ಸಮಿತಿಗೆ ಕಾಣುತ್ತದೆ.

ಹಿಂದೂ ತಂಡದಲ್ಲಿ ಬಾಳೂ ಅವರಿಗಿಂತ ಹಿರಿಯರಿಲ್ಲದಿದ್ದರೂ, ವರ್ಷ ವರ್ಷವೂ ನಾಯಕತ್ವ ಮೇಲುಜಾತಿಯವರಿಗೇ ಹೋಯಿತು. ಅಷ್ಟರಲ್ಲಿ ತಮ್ಮಂದಿರಾದ ಗಣಪತ ಮತ್ತು ವಿಠ್ಠಲರೂ ತಂಡಕ್ಕೆ ಬಂದಿದ್ದರು. ನಾಲ್ವರು ಸೋದರರೂ ಹಿಂದೂಗಳ ಪರವಾಗಿ ಆಡಿದರು. ೧೯೨೦ರಲ್ಲಿ ನಾಯಕ ಎಂ. ಡಿ. ಪೈ ಅವರು ಅಸ್ವಸ್ಥರಾದಾಗ ಕಿರಿಯರಾದ ಡಿ. ಬಿ. ದೇವಧರ್ ಅವರನ್ನು ಸಮಿತಿ ನಾಯಕನನ್ನಾಗಿ ಆರಿಸಿತು; ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟಿತು. ಶಿವರಾಮ ಮತ್ತು ವಿಠ್ಠಲ, ತಮಗೆ ಜಾತಿಯ ಕಾರಣದಿಂದ ಅನ್ಯಾಯವಾಗಿದೆಯೆಂದು ಬಹಿರಂಗ ಹೇಳಿಕೆ ಕೊಟ್ಟು ತಂಡದಿಂದ ಹೊರಬಂದರು. ಮಹಾತ್ಮಾ ಗಾಂಧಿಯವರ ಅಸ್ಪೃಶ್ಯತಾ ನಿವಾರಣೆಯ ಮಾತು ದೇಶದಲ್ಲೆಲ್ಲ ಕೇಳಿಬರುತ್ತಿದ್ದ ಕಾಲ. ಜನಾಭಿಪ್ರಾಯ ಸೋದರರ ಕಡೆ ವಾಲಿತು. ಮುಂದಿನ ಪಂದ್ಯಕ್ಕೆ ಪೈ ಅವರು ನಾಯಕರಾಗಿ ಮರಳಿದರು, ಬಾಳೂ ಉಪನಾಯಕರಾದರು. ಪೈ ಅವರು ಬಯಲಿನಿಂದ ಹೊರಗಿದ್ದ ಸ್ವಲ್ಪ ಹೊತ್ತು ತಂಡವನ್ನು ನಡೆಸಿದರು. ಇಪ್ಪತ್ತೈದು ವರ್ಷಗಳ ಸೇವೆಗೆ ಸಂದದ್ದು ಆ ಸ್ವಲ್ಪ ಹೊತ್ತು.

ಅಣ್ಣನಿಗೆ ಸಲ್ಲದ್ದು ತಮ್ಮನಿಗೆ ಸಂದಿತು. ೧೯೨೩ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು. ಆ ವರ್ಷವೇ ತಂಡ ಐರೋಪ್ಯರನ್ನು ಸೋಲಿಸಿ ವಿಜಯಿಯಾಯಿತು. ಮೇಲುಜಾತಿಯ ತರುಣರು ವಿಠ್ಠಲರನ್ನು ಭುಜದ ಮೇಲೆ ಹೊತ್ತು ಮೆರೆದರು. ಅಣ್ಣನ ಬಾಯಾರಿಕೆಗೆ ಮಣ್ಣಿನ ಕುಡಿಕೆ ಕೊಟ್ಟ ಸಮಾಜವೇ ತಮ್ಮನಿಗೆ ಹೆಗಲು ಕೊಟ್ಟಿತು. ಇದನ್ನು ಸಣ್ಣದೆಂದು ತಳ್ಳಿಹಾಕುವುದೂ ಸರಿಯಲ್ಲ, ಇಷ್ಟರಿಂದ ಎಲ್ಲವೂ ಆಯಿತೆಂದು ನಂಬುವುದೂ ಸರಿಯಲ್ಲ.

ಗೆದ್ದವನನ್ನು ಹೊತ್ತವರು

ಗೆದ್ದವನನ್ನು ಹೊರುವವರು ಆತನನ್ನು ತಮ್ಮ ದಾರಿಯಲ್ಲಿಯೇ ಹೊತ್ತೊಯ್ಯುತ್ತಾರೆ. ಓವೆನ್ಸನ ಗೆಲುವನ್ನು ಅಮೆರಿಕ ತನ್ನ ಸ್ವಾತಂತ್ರ್ಯದ ಗೆಲುವೆಂದು ಸಾರಿತು. ಆದರೆ ಆತ ಓದುತ್ತಿದ್ದ ವಿಶ್ವವಿದ್ಯಾನಿಲಯದ ವಸತಿಯಲ್ಲಿ ಆತನಿಗೆ ಇರಲು ಎಡೆಯಿರಲಿಲ್ಲ. ನ್ಯೂಯಾರ್ಕಿನ ಭವ್ಯ ಹೋಟೆಲೊಂದರಲ್ಲಿ ತನ್ನದೇ ಸನ್ಮಾನಕ್ಕೆ ಹೋಗಲು ಆತ ಸಾಮಾನು ಸಾಗಿಸುವ ಲಿಫ್ಟನ್ನು ಹತ್ತಬೇಕಾಯಿತು. ಅಧ್ಯಕ್ಷ ರೂಸ್‌ವೆಲ್ಟರಿಂದ ಒಂದು ಅಭಿನಂದನೆಯೂ ಬರಲಿಲ್ಲ. ಹೊಟ್ಟೆಯ ಪಾಡಿಗಾಗಿ, ಬರ್ಲಿನ್ನಿನಲ್ಲಿ ಜಗತ್ತನ್ನು ಗೆದ್ದ ಕಾಲುಗಳು ಕುದುರೆಗಳೊಡನೆ ಪಂದ್ಯ ಓಡಿದವು.

ಬಾಳೂ ಅವರನ್ನು ರಾಜಕೀಯ ಪಕ್ಷಗಳು ಹೊತ್ತವು. ೧೯೩೨ರ ಸೆಪ್ಟೆಂಬರಿನಲ್ಲಿ ಪ್ರತ್ಯೇಕ ಚುನಾವಣಾ ಕ್ಷೇತ್ರಗಳ ವಿರುದ್ಧ ಗಾಂಧೀಜಿ ಯರವಡಾ ಸೆರೆಮನೆಯಲ್ಲಿ ಉಪವಾಸ ಕೈಗೊಂಡಾಗ ಆದ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅಂಬೇಡಕರರೂ ಇದ್ದರು, ಬಾಳೂ ಅವರೂ ಇದ್ದರು. ಪ್ರತ್ಯೇಕ ದಾರಿಗಿಂತ ಹಿಂದೂ ಸಮಾಜದೊಳಗಿನ ಪರಿವರ್ತನೆಯನ್ನೇ ಬಾಳೂ ನಂಬಿದ್ದರು. ಕುಡಿಕೆಯಿಂದ ಬಟ್ಟಲಿಗೆ ಬಂದ ಬದುಕು ಅವರದು. ಆ ನಂಬಿಕೆ ಅನುಭವದಿಂದಲೇ ಬಂದಿರಬೇಕು. ೧೯೩೭ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಅಂಬೇಡಕರರಿಗೆ ಎದುರಾಳಿಯಾಗಿ ನಿಲ್ಲಿಸಿತು. ಇಪ್ಪತ್ತಾರು ವರ್ಷ ಹಿಂದೆ ಮಾನಪತ್ರ ಕೊಟ್ಟ ಕೈ ಒಂದು ಕಡೆ, ಅದನ್ನು ಸ್ವೀಕರಿಸಿದ ಕೈ ಇನ್ನೊಂದು ಕಡೆ. ಅಂಬೇಡಕರರು ಸುಮಾರು ಎರಡು ಸಾವಿರ ಮತಗಳಿಂದ ಗೆದ್ದರು.

ಆ ಸ್ಪರ್ಧೆಯಲ್ಲಿ ನ್ಯಾಯ ಯಾರ ಕಡೆಗಿತ್ತು ಎಂಬುದು ದೊಡ್ಡ ಪ್ರಶ್ನೆ. ಚರಿತ್ರೆ ತನ್ನ ತೀರ್ಪನ್ನು ಬಹುಮಟ್ಟಿಗೆ ಕೊಟ್ಟಿದೆ. ಆದರೆ ಆ ತೀರ್ಪಿನ ಭಾರದಲ್ಲಿ ಬಾಳೂ ಅವರ ಹೆಸರೇ ಹೂತುಹೋದದ್ದು ಅನ್ಯಾಯ. ಪ್ರಥಮ ದರ್ಜೆಯ ೩೩ ಪಂದ್ಯಗಳಲ್ಲಿ ಸರಾಸರಿ ಹದಿನೈದು ಓಟಕ್ಕೊಂದರಂತೆ ೧೭೯ ವಿಕೆಟು ಪಡೆದ ಅವರು ೧೯೫೫ರ ಜುಲೈ ೪ರಂದು ಮುಂಬಯಿಯಲ್ಲಿ ತೀರಿಕೊಂಡರು. ಚರಿತ್ರಕಾರ ರಾಮಚಂದ್ರ ಗುಹಾ ಅವರು ೨೦೦೨ರಲ್ಲಿ ಪ್ರಕಟಿಸಿದ ಭಾರತೀಯ ಕ್ರಿಕೆಟಿನ ಸಾಮಾಜಿಕ ಚರಿತ್ರೆಯಲ್ಲಿ ಅವರಿಗೆ ದೊಡ್ಡ ಸ್ಥಾನ ಕೊಡುವವರೆಗೆ, ಆಟದ ಅಭಿಮಾನಿಗಳಲ್ಲಿಯೂ ಬಹುಮಂದಿ ಅವರನ್ನು ಮರೆತಿದ್ದರು.

ಉತ್ತರ

ಇಂಥ ಕಥೆಗಳನ್ನು ಓದಿದಾಗ ನಮಗೆ ಸುಲಭವಾಗಿ ತೋರುವ ಮಾತು, ಆಟ ಭೇದವನ್ನು ಅಳಿಸುತ್ತದೆ ಎಂಬುದು. ಬಾಳೂ ಅವರ ಬದುಕು ಹಾಗೆ ಹೇಳುವುದಿಲ್ಲ. ಆಟ ತಾನಾಗಿ ಏನನ್ನೂ ಅಳಿಸಲಿಲ್ಲ. ಭೇದವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಬಯಲಿಗೆ ತಂದು ನಿಲ್ಲಿಸಿತು. ಬಯಲಿನಲ್ಲಿ ಸಲ್ಲುವವನು ನೆರಳಿನಲ್ಲಿ ಏಕೆ ಸಲ್ಲನು ಎಂದು ಯಾರಾದರೂ ಬಾಯಿಬಿಟ್ಟು ಕೇಳಬೇಕಾಯಿತು. ರಾನಡೆಯವರು ಕೇಳಿದರು, ಶಿವರಾಮ ವಿಠ್ಠಲರು ಆಟ ಬಿಟ್ಟು ಕೇಳಿದರು. ಬದಲಾವಣೆ ಬಂದದ್ದು ಕೇಳಿದ ಮೇಲೆ.

ನಮ್ಮ ಹಳ್ಳಿಗಳ ಎಷ್ಟೋ ಚಹಾದಂಗಡಿಗಳಲ್ಲಿ ಬೇರೆ ಲೋಟಗಳ ಪದ್ಧತಿ ಸ್ವಾತಂತ್ರ್ಯ ಬಂದು ಬಹುಕಾಲವಾದ ಮೇಲೂ ಉಳಿದಿತ್ತು. ಪುಣೆಯ ಮಣ್ಣಿನ ಕುಡಿಕೆ ಅಷ್ಟು ಹಳೆಯದೇನಲ್ಲ, ಅಷ್ಟು ದೂರದ್ದೂ ಅಲ್ಲ. ಆಟದ ಮೇಷ್ಟ್ರಾದವನು ಬಯಲಿನಲ್ಲಿ ಯಾರು ವೇಗವಾಗಿ ಓಡುತ್ತಾರೆಂಬುದನ್ನು ನೋಡಿದರೆ ಸಾಲದು. ಆಟ ಮುಗಿದ ಮೇಲೆ ನೀರಿನ ಕೊಡದ ಬಳಿ ಯಾರು ಹಿಂದೆ ನಿಲ್ಲುತ್ತಾರೆಂಬುದನ್ನೂ ನೋಡಬೇಕು. ನಾನು ಅದನ್ನು ನೋಡಿರಲಿಲ್ಲ.

ಮರುವಾರ ಆ ಹುಡುಗನನ್ನು ಕರೆದು ಹೇಳಿದೆ: "ಇದ್ದರು, ಮಗು. ಧಾರವಾಡದಲ್ಲಿ ಹುಟ್ಟಿದ್ದರು." ಅವನು ಹೆಸರು ಕೇಳಿದ. ಹೇಳಿದೆ. ಎಡಗೈಯೋ ಬಲಗೈಯೋ ಎಂದು ಕೇಳಿದ. ಎಡಗೈ ಎಂದೆ. ಅವನು ತನ್ನ ಎಡಗೈಯನ್ನೊಮ್ಮೆ ನೋಡಿಕೊಂಡು, ಚೆಂಡು ತೆಗೆದುಕೊಂಡು ಬಯಲಿಗೆ ಓಡಿದ.